ನಗದಾಗದ ಚೆಕ್ಕು

"ತಾತ, ಒಂದು ನಿಮಿಷ ಬಾ ಇಲ್ಲಿ" ಎಂದು ಮೊಮ್ಮಗ ಕೂಗಿದಾಗ ನಾನು ಅವನ ಅಜ್ಜಿಯ ಎದುರು ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನನಗೆ ಸಿಕ್ಕಿರುವ ಕಾಯಂ ಹುದ್ದೆ ಅದು. ಅರ್ಧಕ್ಕೆ ಬಿಟ್ಟು ಎದ್ದರೆ ಮೇಲಧಿಕಾರಿಗೆ ಸಿಟ್ಟು ಬರುತ್ತದೆ. ಆದರೂ ಎದ್ದು ಹೋದೆ. ಇದು ಕಳೆದ ಡಿಸೆಂಬರ್‌ನ ಮಾತು.

ಮೊಮ್ಮಗ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ಕಂಪ್ಯೂಟರಿನ ಪರದೆ ತೋರಿಸಿದ. ಇರುವೆ ಸಾಲಿನ ಹಾಗೆ ಹೆಸರುಗಳು, ಒಂದರ ಕೆಳಗೊಂದು. ನಡುವೆ ಒಂದು ಕಡೆ ಬೆರಳಿಟ್ಟು, "ಇಲ್ಲಿ ನೋಡು" ಎಂದ. ಅವನ ಹೆಸರು!

"ಪರೀಕ್ಷೆ ಫಲಿತಾಂಶವೇನೋ?"

"ಅಲ್ಲ ತಾತ. ಆಕಾಶದ ನಕ್ಷತ್ರ ತೋರಿಸೋ ಒಂದು ತಂತ್ರಾಂಶ ಇದೆ, ಉಚಿತವಾದದ್ದು. ಅದರ ಕನ್ನಡದಲ್ಲಿ ತಪ್ಪುಗಳಿದ್ದವು, ತಿದ್ದಿಕೊಟ್ಟೆ. ಅದಕ್ಕೆ ಹೆಸರು ಹಾಕಿದ್ದಾರೆ."

ತಪ್ಪು ಎಂಥದ್ದು ಅಂದರೆ, ಶನಿ ಗ್ರಹದ ಹೆಸರಿರಬೇಕಾದ ಕಡೆ 'ಶನಿವಾರ' ಎಂದು ಯಾರೋ ಬರೆದುಬಿಟ್ಟಿದ್ದರು. ಶನಿವಾರದ ಸುತ್ತ ಚಂದದ ಉಂಗುರ! ಹುಡುಗ ಹನ್ನೊಂದು ಸಂಜೆ ಕೂತು ಇಂಥ 41 ಪದಗಳನ್ನು ಸರಿಮಾಡಿದ್ದನಂತೆ. ನಾನು ಬ್ಯಾಂಕಿನವನು. ನನ್ನ ಬಾಯಲ್ಲಿ ಮೊದಲು ಬಂದದ್ದು ಒಂದೇ ಪ್ರಶ್ನೆ.

"ಎಷ್ಟು ಕೊಟ್ಟರು?"

"ಏನೂ ಇಲ್ಲ ತಾತ."

"ಹನ್ನೊಂದು ಸಂಜೆಗೆ?"

ಅವನು ಉತ್ತರ ಕೊಡಲಿಲ್ಲ. ನಾನು ವಾಪಸ್ ಬಂದು ಅವರೆಕಾಯಿ ಮುಂದೆ ಕೂತೆ. ಆದರೆ ರಾತ್ರಿಯೊಳಗೆ ಅವನು ಅದೇ ಪರದೆಯನ್ನು ಅಮ್ಮನಿಗೆ ಎರಡು ಸಲ, ಅಪ್ಪನಿಗೆ ಒಂದು ಸಲ, ಮೇಲಿನ ಮನೆಯ ಹುಡುಗನಿಗೆ ಒಂದು ಸಲ ತೋರಿಸಿದ. ಬೇರೆ ದೇಶದಿಂದ ಬಂದಿದ್ದ ಒಂದು ಸಣ್ಣ ಪತ್ರವನ್ನೂ ಓದಿ ಹೇಳಿದ. ಅದರಲ್ಲಿದ್ದದ್ದು ಇಷ್ಟೆ: 'ಶನಿಯ ಜಾಗದಲ್ಲಿ ಶನಿವಾರ ಇತ್ತು ಎಂಬುದನ್ನು ನೀವು ಹೇಳದಿದ್ದರೆ, ಕನ್ನಡ ಬಾರದ ನಮಗೆ ಅದು ಎಂದೂ ತಿಳಿಯುತ್ತಿರಲಿಲ್ಲ.' ಸಂಬಳದ ದಿನ ನನ್ನ ಮುಖ ಯಾವತ್ತೂ ಅಷ್ಟು ಅರಳಿರಲಿಲ್ಲ ಎಂದು ನನಗೇ ಅನಿಸಿತು. ನನ್ನ ಪ್ರಶ್ನೆ ಪೂರ್ತಿ ಸರಿಯಿರಲಿಲ್ಲವೇನೋ ಎಂಬ ಅನುಮಾನವೂ ಶುರುವಾಯಿತು.

ಮಕ್ಕಳೇ, ಈ ಮುಕ್ತ ತಂತ್ರಾಂಶ ಎನ್ನುವುದು ಏನೆಂದು ಮೊಮ್ಮಗನಿಂದ ನಾನು ಕಲಿತಷ್ಟನ್ನು ಹೇಳುತ್ತೇನೆ. ಅಂಗಡಿಯಲ್ಲಿ ಸಿಗುವ ಹುಳಿಪುಡಿ ಪೊಟ್ಟಣದೊಳಗೆ ಕೊತ್ತಂಬರಿ ಎಷ್ಟು, ಮೆಂತ್ಯ ಎಷ್ಟು ಎಂಬ ಅಳತೆ ಮಾಡಿದವರಿಗಷ್ಟೇ ಗೊತ್ತು. ಪಕ್ಕದ ಮನೆ ಅಜ್ಜಿಯ ಹುಳಿಪುಡಿ ಹಾಗಲ್ಲ. ಕೇಳಿದವರಿಗೆಲ್ಲ ಅಳತೆ ಬರೆದುಕೊಡುತ್ತಾರೆ. ನೀವು ಅದರಲ್ಲಿ ಎರಡು ಮೆಣಸಿನಕಾಯಿ ಕಡಿಮೆ ಮಾಡಬಹುದು, ನಿಮ್ಮ ಅಳತೆಯನ್ನು ಇನ್ನೊಬ್ಬರಿಗೆ ಹೇಳಬಹುದು. ಮುಕ್ತ ತಂತ್ರಾಂಶವೂ ಹಾಗೆಯೇ. ಅದನ್ನು ಹೇಗೆ ಬರೆದಿದ್ದಾರೆ ಎಂಬುದು ಎಲ್ಲರಿಗೂ ಕಾಣುತ್ತದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

1991ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೊರ್ವಾಲ್ಡ್ಸ್ ಎಂಬ ಹುಡುಗ ಹೀಗೆ ಶುರುಮಾಡಿದ್ದೇ ಲಿನಕ್ಸ್. ನಿಮ್ಮ ಮನೆಯ ಆಂಡ್ರಾಯ್ಡ್ ಫೋನಿನ ಒಳಗೆ ಕೂತು ದುಡಿಯುತ್ತಿರುವುದು ಅದೇ. ಅದನ್ನು ಇಂದು ಸಂಬಳ ಪಡೆದು ಬರೆಯುವವರೂ ಇದ್ದಾರೆ, ಸುಮ್ಮನೆ ಪ್ರೀತಿಯಿಂದ ಬರೆದವರೂ ಇದ್ದಾರೆ. ನೆರವಾದವರ ಹೆಸರು ಬರೆದಿಡಲೆಂದೇ ಲಿನಕ್ಸ್‌ನ ಒಳಗೆ ಒಂದು ಕಡತ ಇದೆಯಂತೆ. ಅದೂ ಸಾಲದು ಎಂದು, ಪ್ರತಿಯೊಂದು ತಿದ್ದುಪಡಿಯ ಕೆಳಗೆ ತಪ್ಪನ್ನು ತಿಳಿಸಿದವರು ಯಾರು, ಪರಿಶೀಲಿಸಿದವರು ಯಾರು, ಪರೀಕ್ಷೆ ಮಾಡಿ ನೋಡಿದವರು ಯಾರು ಎಂದು ಹೆಸರು ಹಾಕುವ ಪದ್ಧತಿ ಇದೆ. ಇದನ್ನು ಕೇಳಿ ನನಗೆ ಖುಷಿಯಾಯಿತು. ನಮ್ಮ ಬ್ಯಾಂಕಿನ ವೋಚರಿನ ಮೇಲೂ ಹಾಗೆಯೇ ಬರೆದವರ ಸಹಿ, ನೋಡಿದವರ ಸಹಿ, ಪಾಸು ಮಾಡಿದವರ ಸಹಿ ಇರುತ್ತಿತ್ತು. ಒಂದು ವ್ಯತ್ಯಾಸ ಮಾತ್ರ. ನಮ್ಮಲ್ಲಿ ಸಹಿ ಇರುತ್ತಿದ್ದದ್ದು ತಪ್ಪಾದರೆ ಹಿಡಿಯುವುದಕ್ಕೆ. ಅವರಲ್ಲಿ ಹೆಸರು ಇರುವುದು ಒಳ್ಳೆಯದಾಯಿತು ಎಂದು ಹೇಳುವುದಕ್ಕೂ ಹೌದು.

ವಿಕಿಪೀಡಿಯ ನಿಮಗೆಲ್ಲ ಗೊತ್ತು. ಕನ್ನಡದಲ್ಲಿ ಅದು 2003ರಿಂದ ಇದೆ. ಅಲ್ಲಿ ಬರೆಯುವವರಿಗೆ ಸಂಬಳವಿಲ್ಲ. ಆದರೆ ಒಳ್ಳೆಯ ಕೆಲಸ ಮಾಡಿದವರ ಪುಟದಲ್ಲಿ ಯಾರು ಬೇಕಾದರೂ ಒಂದು ನಕ್ಷತ್ರದ ಚಿತ್ರ ಅಂಟಿಸಿ, ಕೆಳಗೆ ಎರಡು ಸಾಲು ಬರೆಯಬಹುದು. ಬರೀ ಚಿತ್ರ. ಅದನ್ನು ಮಾರಿದರೆ ಒಂದು ಕಡಲೇಕಾಯಿ ಪೊಟ್ಟಣವೂ ಬರುವುದಿಲ್ಲ. ಇದರಿಂದ ಏನಾದರೂ ಉಪಯೋಗವಿದೆಯೇ ಎಂದು ಅಮೆರಿಕದಲ್ಲಿ ಇಬ್ಬರು ಸಂಶೋಧಕರು ಪರೀಕ್ಷಿಸಿದರು. ಇಂಗ್ಲಿಷ್ ವಿಕಿಪೀಡಿಯದಲ್ಲಿ ತುಂಬ ಕೆಲಸ ಮಾಡುವ 200 ಮಂದಿಯನ್ನು ಆರಿಸಿ, ಚೀಟಿ ಎತ್ತಿದ ಹಾಗೆ 100 ಮಂದಿಗೆ ನಕ್ಷತ್ರ ಕೊಟ್ಟರು, ಉಳಿದ 100 ಮಂದಿಗೆ ಕೊಡಲಿಲ್ಲ. ಮುಂದಿನ 90 ದಿನಗಳಲ್ಲಿ ನಕ್ಷತ್ರ ಸಿಕ್ಕವರ ಕೆಲಸ ಸಿಗದವರಿಗಿಂತ ಸುಮಾರು ಶೇಕಡ 60ರಷ್ಟು ಹೆಚ್ಚಿತ್ತು. ಈ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಶೇಕಡ 60ರ ಬಡ್ಡಿ ಕೊಡುವ ಠೇವಣಿಯನ್ನು ನನ್ನ ಸರ್ವಿಸಿನಲ್ಲಿ ನಾನು ಕಂಡಿಲ್ಲ.

ಇಷ್ಟೆಲ್ಲ ಹೇಳಿದರೂ ನಾನು ಪೂರ್ತಿ ಒಪ್ಪಿರಲಿಲ್ಲ. ಆಗ ಮೊಮ್ಮಗ ಒಂದು ಚೆಕ್ಕಿನ ಕಥೆ ಹೇಳಿದ. ಚೆಕ್ಕು ಎಂದ ಕೂಡಲೇ ನಾನು ನೆಟ್ಟಗೆ ಕೂತೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು ಡೊನಾಲ್ಡ್ ಕ್ನೂತ್. ಹುಟ್ಟಿದ್ದು 1938ರಲ್ಲಿ. ಕಂಪ್ಯೂಟರ್ ವಿದ್ಯೆಯ ಬಗ್ಗೆ ದಪ್ಪ ದಪ್ಪ ಸಂಪುಟಗಳನ್ನು ಬರೆಯುತ್ತಿರುವವರು. ಮೊದಲ ಸಂಪುಟ ಬಂದದ್ದು 1968ರಲ್ಲಿ. 1977ರಲ್ಲಿ ಎರಡನೇ ಸಂಪುಟದ ಹೊಸ ಆವೃತ್ತಿಯ ಅಚ್ಚಿನ ಕರಡು ಕೈಗೆ ಬಂತು. ಮುದ್ರಣದ ಯಂತ್ರ ಬದಲಾಗಿತ್ತು, ಅಕ್ಷರಗಳು ನೋಡಲು ಚೆನ್ನಾಗಿರಲಿಲ್ಲ. ಬೇರೆಯವರಾಗಿದ್ದರೆ ಮುದ್ರಕರ ಜೊತೆ ಜಗಳವಾಡುತ್ತಿದ್ದರು. ಇವರು ಪುಸ್ತಕವನ್ನು ಪಕ್ಕಕ್ಕಿಟ್ಟು, ಪುಟಗಳನ್ನು ಅಂದವಾಗಿ ಜೋಡಿಸುವ ತಂತ್ರಾಂಶವನ್ನೇ ಬರೆಯಲು ಕೂತರು. ಅದರ ಹೆಸರು ಟೆಕ್. ಅದನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟರು, ಒಳಗಿನ ಬರಹವನ್ನೂ ತೆರೆದಿಟ್ಟರು. ಗಣಿತ, ವಿಜ್ಞಾನದ ಪುಸ್ತಕ, ಪತ್ರಿಕೆಗಳು ಇವತ್ತಿಗೂ ಅದರಲ್ಲಿ ಅಚ್ಚಾಗುತ್ತವೆ. ನನ್ನ ಮೊಮ್ಮಗ ಕಾಲೇಜಿನ ವರದಿ ಬರೆಯುವುದೂ ಅದರ ಮರಿಯೊಂದರಲ್ಲೇ.

ಕ್ನೂತ್ ಅವರು ಒಂದು ಮಾತು ಕೊಟ್ಟರು. ನನ್ನ ಪುಸ್ತಕದಲ್ಲಿ ತಪ್ಪು ಮೊದಲು ಹುಡುಕಿಕೊಟ್ಟವರಿಗೆ 2 ಡಾಲರ್ 56 ಸೆಂಟಿನ ಚೆಕ್ಕು ಕೊಡುತ್ತೇನೆ ಎಂದು. ಇದೇನು ಲೆಕ್ಕ? ಕಂಪ್ಯೂಟರಿನವರಿಗೆ ಹತ್ತರ ಬದಲು ಹದಿನಾರರಲ್ಲಿ ಎಣಿಸುವ ಅಭ್ಯಾಸ ಇದೆ. ಹತ್ತು ಹತ್ತಲಿ ನೂರು ಎಂದು ನಾವು ಹೇಳುವ ಹಾಗೆ, ಅವರಿಗೆ ಹದಿನಾರು ಹದಿನಾರಲಿ 256 ಎಂಬುದೇ 'ನೂರು'. ಅಂದರೆ ಅದು ಅವರ ಲೆಕ್ಕದ ಒಂದು ಡಾಲರ್. ಇದು ಕಷ್ಟ ಎನಿಸಿದರೆ ನಿಮ್ಮ ತಾತನನ್ನು ಕೇಳಿ. ರೂಪಾಯಿಗೆ ಹದಿನಾರಾಣೆ ಇದ್ದ ಕಾಲದಲ್ಲಿ ಹುಟ್ಟಿದವರಿಗೆ ಹದಿನಾರು ಹೊಸದಲ್ಲ. ಇನ್ನು ಟೆಕ್‌ನಲ್ಲಿ ತಪ್ಪು ಹುಡುಕಿದರೆ ಬಹುಮಾನ ವರ್ಷಕ್ಕೆ ಎರಡರಷ್ಟು ಬೆಳೆಯುತ್ತಾ ಹೋಯಿತು. 2.56, 5.12, 10.24... ಹೀಗೆ ಏಳು ಸಲ ಇಮ್ಮಡಿಯಾಗಿ 327 ಡಾಲರ್ 68 ಸೆಂಟಿಗೆ ಬಂದು ನಿಂತಿತು. ಬೇಕಾದರೆ ಗುಣಿಸಿ ನೋಡಿ.

ಅವರು ಇನ್ನೂ ಒಂದು ಕೆಲಸ ಮಾಡಿದರು. ಟೆಕ್‌ನಲ್ಲಿ ತಾವು ಮಾಡಿದ ತಪ್ಪುಗಳ ಪಟ್ಟಿಯನ್ನು ಮೊದಲಿನಿಂದ ಬರೆದಿಟ್ಟುಕೊಂಡು, 1989ರಲ್ಲಿ ಅದನ್ನೇ ಪ್ರಕಟಿಸಿಬಿಟ್ಟರು. ತಮ್ಮ ತಪ್ಪಿನ ಲೆಡ್ಜರನ್ನು ಊರಿಗೆಲ್ಲ ತೋರಿಸಿದ ಮನುಷ್ಯ! ತಮ್ಮ ಪುಸ್ತಕದಲ್ಲಿ ಹೆಸರು ಬರುವವರ ಪೂರ್ತಿ ಹೆಸರನ್ನು ಕೇಳಿ ಪಡೆಯುತ್ತಾರೆ. ಏಷ್ಯಾದವರಾದರೆ ಅವರವರ ಲಿಪಿಯಲ್ಲೇ ಹೆಸರು ಅಚ್ಚು ಹಾಕಲು ಯತ್ನಿಸುತ್ತಾರೆ.

ಈಗ ಬ್ಯಾಂಕಿನವನ ಕಿವಿ ನಿಮಿರುವ ಭಾಗ. ಆ ಚೆಕ್ಕುಗಳನ್ನು ಪಡೆದವರಲ್ಲಿ ಬಹಳ ಮಂದಿ ಬ್ಯಾಂಕಿಗೆ ಹಾಕುವುದೇ ಇಲ್ಲ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ! ಚೆಕ್ಕಿನ ಮೇಲೆ ಖಾತೆ ನಂಬರು, ಸಹಿ ಎಲ್ಲ ಇರುತ್ತದಲ್ಲ, ವಂಚಕರ ಕಾಟ ಶುರುವಾಗಿ ಕೊನೆಗೆ 2008ರಲ್ಲಿ ಅವರು ನಿಜವಾದ ಚೆಕ್ಕು ಕೊಡುವುದನ್ನು ನಿಲ್ಲಿಸಬೇಕಾಯಿತು. ಅಲ್ಲಿಂದ 'ಬ್ಯಾಂಕ್ ಆಫ್ ಸ್ಯಾನ್ ಸೆರಿಫ್' ಎಂಬ ಬ್ಯಾಂಕಿನ ಠೇವಣಿ ಪತ್ರ ಕೊಡುತ್ತಾರೆ. ಆ ಬ್ಯಾಂಕನ್ನು ನಕ್ಷೆಯಲ್ಲಿ ಹುಡುಕಬೇಡಿ. ಸ್ಯಾನ್ ಸೆರಿಫ್ ಎಂಬ ದೇಶವೇ ಇಲ್ಲ. 1977ರ ಏಪ್ರಿಲ್ 1ರಂದು ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆ ಓದುಗರನ್ನು ಏಪ್ರಿಲ್ ಫೂಲ್ ಮಾಡಲು ಕಟ್ಟಿದ ದೇಶ ಅದು. ಇಲ್ಲದ ದೇಶದ ಇಲ್ಲದ ಬ್ಯಾಂಕಿನ ಪತ್ರಕ್ಕಾಗಿ ಜಗತ್ತಿನ ಬುದ್ಧಿವಂತರೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಪ್ಪು ಹುಡುಕುತ್ತಾರೆ!

ಮೊಮ್ಮಗ ನಗುತ್ತಿದ್ದ. ನಾನೂ ನಕ್ಕೆ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೆನಪಾದದ್ದು 3 ರೂಪಾಯಿ 60 ಪೈಸೆ.

1981ರ ಜೂನ್ ತಿಂಗಳು. ನಾನು ಅರಸೀಕೆರೆಯಲ್ಲಿ ಕ್ಲರ್ಕು. ಜೂನ್ 30ಕ್ಕೆ ಅರ್ಧವಾರ್ಷಿಕ ಲೆಕ್ಕ ಮುಗಿಯಬೇಕು. ಕಂಪ್ಯೂಟರ್ ಇಲ್ಲದ ಕಾಲ. ಉಳಿತಾಯ ಖಾತೆಯ ಲೆಡ್ಜರುಗಳಲ್ಲಿರುವ ಒಂದೊಂದು ಬಾಕಿಯನ್ನೂ ಬರೆದು, ಕೂಡಿ, ಜನರಲ್ ಲೆಡ್ಜರಿಗೆ ತಾಳೆ ನೋಡಬೇಕು. ಪೈಸೆ ವ್ಯತ್ಯಾಸ ಬಂದರೂ ಮನೆಗೆ ಹೋಗುವ ಹಾಗಿಲ್ಲ. ನಮಗೆ ಬಂದದ್ದು 3 ರೂಪಾಯಿ 60 ಪೈಸೆ.

ಮಕ್ಕಳೇ, ಒಂದು ಗುಟ್ಟು ಹೇಳುತ್ತೇನೆ. 72 ತೆಗೆದುಕೊಳ್ಳಿ, ಅಂಕಿ ತಿರುವಿ 27 ಮಾಡಿ, ಕಳೆಯಿರಿ. 45. ಒಂಬತ್ತರಿಂದ ಭಾಗವಾಗುತ್ತದೆ. ಯಾವ ಸಂಖ್ಯೆಯ ಅಂಕಿಗಳನ್ನು ಅದಲುಬದಲು ಮಾಡಿದರೂ ವ್ಯತ್ಯಾಸ ಒಂಬತ್ತರಿಂದ ಭಾಗವಾಗಿಯೇ ಆಗುತ್ತದೆ. 360 ಪೈಸೆಯೂ ಒಂಬತ್ತರಿಂದ ಭಾಗವಾಗುತ್ತದೆ, 40 ಸಲ. ಹಾಗಾಗಿ ಯಾರೋ ಅಂಕಿ ಹಿಂದುಮುಂದು ಮಾಡಿದ್ದಾರೆ ಎಂದು ನಾನು ಜಂಬದಿಂದ ಹೇಳಿದೆ. ಹೇಳುವುದು ಸುಲಭ. ಸಾವಿರಾರು ಖಾತೆಗಳಲ್ಲಿ ಎಲ್ಲಿ ಎಂದು ಹುಡುಕುವುದು? ಒಬ್ಬರು ಕೂಗುವುದು, ಇನ್ನೊಬ್ಬರು ಟಿಕ್ ಹಾಕುವುದು. ಹೀಗೇ ಮೂರು ರಾತ್ರಿ ಕೂತೆವು.

ನಮ್ಮ ಶಾಖೆಯ ಅಟೆಂಡರನ್ನು ಎಲ್ಲರೂ ಅಣ್ಣಯ್ಯ ಎನ್ನುತ್ತಿದ್ದೆವು. ನಾಲ್ಕನೇ ಕ್ಲಾಸು ಓದಿದ್ದವರು. ನನಗಿಂತ ಹನ್ನೆರಡು ವರ್ಷ ದೊಡ್ಡವರು. ಆದರೂ ನಾನು ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಆಗ ಹಾಗೇ ಇತ್ತು. ಇದ್ದದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಅವರು ಪಕ್ಕದ ಮೇಜಿನಲ್ಲಿ ಹಳೆಯ ವೋಚರುಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ದಬ್ಬಳದಿಂದ ಹೊಲಿಯುತ್ತಿದ್ದರು. ನಾನು ಲೆಡ್ಜರ್ ನೋಡಿ, "ಐವತ್ತೆಂಟು ನಲವತ್ತೊಂದು" ಎಂದು ಕೂಗಿದೆ. ಅಣ್ಣಯ್ಯ ದಬ್ಬಳ ನಿಲ್ಲಿಸಿದರು.

"ಸಾರ್, ಆ ಹೆಸರಿನ ಚೀಟಿ ಈಗ ತಾನೆ ನನ್ನ ಕೈಲಿತ್ತು. ಅದರಲ್ಲಿ ಐವತ್ನಾಲ್ಕು ಎಂಬತ್ತೊಂದು ಅಂತಿತ್ತು."

ಹೊಲಿಗೆ ಬಿಚ್ಚಿ ನೋಡಿದೆವು. ವೋಚರಿನಲ್ಲಿ 54.81. ಲೆಡ್ಜರಿನಲ್ಲಿ 58.41. ವ್ಯತ್ಯಾಸ 3.60. ಲೆಡ್ಜರಿನಲ್ಲಿದ್ದ ಅಕ್ಷರ ಯಾರದು ಗೊತ್ತೇ? ನನ್ನದು.

ಮಾರನೆಯ ದಿನ ಮ್ಯಾನೇಜರು ಎಲ್ಲರ ಎದುರು ನನ್ನ ಬೆನ್ನು ತಟ್ಟಿದರು. "ಇವರು ಕೂತು ವ್ಯತ್ಯಾಸ ಹಿಡಿದರು. ಇವರನ್ನು ನೋಡಿ ಕಲಿಯಿರಿ" ಎಂದರು. ಅವರು ಬೇಗ ಮನೆಗೆ ಹೋಗಿದ್ದರು, ಅವರಿಗೆ ನಿಜ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಬಾಗಿಲ ಬಳಿ ಕಾಫಿ ಲೋಟದ ತಟ್ಟೆ ಹಿಡಿದು ಅಣ್ಣಯ್ಯ ನಿಂತಿದ್ದರು. ಒಂದು ವಾಕ್ಯ ಸಾಕಾಗಿತ್ತು, 'ಸಾರ್, ಹುಡುಕಿದ್ದು ಅಣ್ಣಯ್ಯ' ಎಂದು. ಆ ವಾಕ್ಯದ ಹಿಂದೆಯೇ 'ತಪ್ಪು ಮಾಡಿದ್ದು ನಾನು' ಎಂಬ ಇನ್ನೊಂದು ವಾಕ್ಯ ಹೇಳಬೇಕಾಗುತ್ತಿತ್ತು. ನಾನು ಎರಡನ್ನೂ ನುಂಗಿಕೊಂಡೆ.

ನನ್ನ ನಿವೃತ್ತಿಯ ದಿನ ಹಾರ, ಶಾಲು, ಬೆಳ್ಳಿ ತಟ್ಟೆ ಎಲ್ಲ ಆಯಿತು. ಅಣ್ಣಯ್ಯ ಅದಕ್ಕೂ ಎಷ್ಟೋ ವರ್ಷ ಮೊದಲೇ ನಿವೃತ್ತರಾಗಿದ್ದರು. ಆದರೂ ಯಾರಿಂದಲೋ ಸುದ್ದಿ ತಿಳಿದು, ಊರಿಂದ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು. ನಾನು ಭಾಷಣದಲ್ಲಿ, "ನನ್ನ ಜೊತೆ ದುಡಿದ ಎಲ್ಲ ಸಿಬ್ಬಂದಿ ವರ್ಗಕ್ಕೂ ಧನ್ಯವಾದಗಳು" ಎಂದೆ. ಜನ ಚಪ್ಪಾಳೆ ತಟ್ಟಿದರು. ಅಣ್ಣಯ್ಯನೂ ತಟ್ಟಿದರು.

ಬ್ಯಾಂಕಿನಲ್ಲಿ ಸಸ್ಪೆನ್ಸ್ ಅಕೌಂಟ್ ಎಂದು ಒಂದಿರುತ್ತದೆ. ಹಣ ಬಂದಿದೆ, ಯಾರ ಖಾತೆಗೆ ಎಂದು ತಿಳಿಯದು, ಆಗ ತಾತ್ಕಾಲಿಕವಾಗಿ ಅಲ್ಲಿ ಹಾಕಿಡುತ್ತೇವೆ. 'ಎಲ್ಲರಿಗೂ ಧನ್ಯವಾದ' ಎನ್ನುವುದು ಸಸ್ಪೆನ್ಸ್ ಅಕೌಂಟಿಗೆ ಹಾಕಿದ ದುಡ್ಡು. ಯಾರ ಕೈಗೂ ಸೇರುವುದಿಲ್ಲ. ಧನ್ಯವಾದದ ವೋಚರಿನಲ್ಲೂ ಹೆಸರು ಬೇಕು, ವಿವರ ಬೇಕು. ಯಾರು, ಏನು ಮಾಡಿದರು, ಅದರಿಂದ ಏನು ಒಳ್ಳೆಯದಾಯಿತು. ಮೊಮ್ಮಗನಿಗೆ ಬಂದ ಪತ್ರದಲ್ಲಿ ಈ ಮೂರೂ ಇದ್ದವು. ಅದಕ್ಕೇ ಅವನ ಮುಖ ಅರಳಿತ್ತು.

ಬೆಳಿಗ್ಗೆ ಎದ್ದು ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ಹುಳಿಗೆ ಒಗ್ಗರಣೆ ಹಾಕುತ್ತಲೇ, "ಧನ್ಯವಾದದಿಂದ ಅಕ್ಕಿ ಬರುವುದಿಲ್ಲ. ಸಂಬಳ ಕೊಡಬೇಕಾದವರಿಗೆ ಬರೀ ಥ್ಯಾಂಕ್ಸ್ ಹೇಳಿ ಕಳಿಸೋದೂ ಮೋಸವೇ" ಎಂದಳು. ಸರಿಯಾದ ಮಾತು. ಅದನ್ನೂ ಇಲ್ಲಿ ಬರೆದಿದ್ದೇನೆ. ಆಮೇಲೆ, "ಅದಿರಲಿ, ನನ್ನ ಹೆಸರು ಯಾವ ಪಟ್ಟಿಯಲ್ಲಿದೆ?" ಎಂದು ಕೇಳಿದಳು. ಓದುಗರೇ, ಈ ಅಂಕಣವನ್ನು ಪ್ರತಿ ವಾರ ಮೊದಲು ಓದಿ, ನನ್ನ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದಿ, ಜಂಬದ ಸಾಲುಗಳಿಗೆ ಅಡ್ಡಗೆರೆ ಎಳೆಯುವವಳು ಅವಳೇ. ಇಷ್ಟು ವರ್ಷ ಬರೆದಿರಲಿಲ್ಲ. ಈಗ ಬರೆದಿದ್ದೇನೆ.

ಅಂದೇ ಚೆಕ್ಕು ಪುಸ್ತಕ ತೆಗೆದೆ. ಮೂರು ರೂಪಾಯಿ ಅರವತ್ತು ಪೈಸೆ ಮಾತ್ರ. ನಗದಾಗಿ ಕೊಡೋಣವೆಂದರೂ ಆಗುವುದಿಲ್ಲ. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೇ ನಿಂತಿದೆ. ಹತ್ತು ಪೈಸೆಗೆ ಎಲ್ಲಿ ಹೋಗಲಿ? ಚೆಕ್ಕೇ ಸರಿ. ಮೊತ್ತ ಬರೆದೆ, ತಾರೀಖು ಬರೆದೆ. ಹೆಸರು ಬರೆಯಲು ಹೋದಾಗ ಪೆನ್ನು ನಿಂತಿತು. ಆರು ವರ್ಷ ಒಂದೇ ಸೂರಿನಡಿ ದುಡಿದಿದ್ದೇನೆ. ಅಣ್ಣಯ್ಯನ ಪೂರ್ತಿ ಹೆಸರು ನನಗೆ ಗೊತ್ತಿರಲಿಲ್ಲ! ಹಳೆಯ ಗೆಳೆಯನೊಬ್ಬನಿಗೆ ಫೋನ್ ಮಾಡಿ, ಅವನು ಇನ್ನೊಬ್ಬರನ್ನು ಕೇಳಿ, ಎರಡು ದಿನದ ಮೇಲೆ ಹೆಸರು ಸಿಕ್ಕಿತು, ಊರೂ ಸಿಕ್ಕಿತು. ಚೆಕ್ಕಿನ ಜೊತೆಗೆ, ನಡೆದದ್ದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದೆ. ತಪ್ಪು ನನ್ನದು, ಹುಡುಕಿದ್ದು ನೀವು, ಹೊಗಳಿಕೆ ತಿಂದದ್ದು ನಾನು ಎಂದು.

ಸಂಕ್ರಾಂತಿ ಕಳೆದ ಮೇಲೆ ಮೊಮ್ಮಗನನ್ನು ಕರೆದುಕೊಂಡು ಮೈಸೂರಿನಿಂದ ಅರಸೀಕೆರೆಗೆ ರೈಲು ಹತ್ತಿದೆ. ಅಲ್ಲಿಂದ ಬಸ್ಸು. ತೆಂಗಿನ ತೋಟದ ನಡುವೆ ಹೆಂಚಿನ ಮನೆ. ಎಂಬತ್ತೈದು ದಾಟಿದ ಅಣ್ಣಯ್ಯ ಜಗಲಿಯ ಮೇಲೆ ಕೂತಿದ್ದರು. ಕಣ್ಣು ಮಂಜು, ಕಿವಿ ಚುರುಕು. ನನ್ನ ದನಿ ಕೇಳಿಯೇ, "ಬನ್ನಿ ಸಾರ್" ಎಂದು ಎದ್ದು ನಿಂತರು. ಕೂರಿಸುವುದಕ್ಕೆ ನಾನು ಅವರ ಭುಜ ಹಿಡಿಯಬೇಕಾಯಿತು.

ಪತ್ರವನ್ನು ಅವರ ಸೊಸೆ ಗಟ್ಟಿಯಾಗಿ ಓದಿದರು. ಮೊಮ್ಮಕ್ಕಳು ಬಾಗಿಲಿಗೆ ಒರಗಿ ನಿಂತು ಕೇಳಿದರು. ಓದಿ ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಣ್ಣಯ್ಯ ಗಂಟಲು ಸರಿಮಾಡಿಕೊಂಡರು.

"ಎಲ್ಲ ಸರಿ ಇದೆ ಸಾರ್. ಒಂದೇ ಒಂದು ತಪ್ಪು. ಮೂರು ರಾತ್ರಿ ಅಂತ ಬರ್ದಿದ್ದೀರಿ. ನಾಲ್ಕು ರಾತ್ರಿ."

"ಮೂರೇ ಅಲ್ವಾ ಅಣ್ಣಯ್ಯ?"

"ನಾಲ್ಕು ಸಾರ್. ಸಿಕ್ಕಿದ್ದು ನಾಲ್ಕನೇ ರಾತ್ರಿ. ಬಿಚ್ಚಿದ ವೋಚರೆಲ್ಲ ಮತ್ತೆ ಹೊಲಿಯೋ ಹೊತ್ತಿಗೆ ನಮ್ಮೂರ ಕೊನೇ ಬಸ್ಸು ಹೋಗಿತ್ತು. ನೀವೆಲ್ಲ ಸೈಕಲ್ ಹತ್ತಿ ಹೋದ್ರಿ. ನಾನು ಬ್ಯಾಂಕಿನ ಬೆಂಚಿನ ಮೇಲೇ ಮಲಗಿದ್ದೆ. ಅದಕ್ಕೇ ಜ್ಞಾಪಕ ಇದೆ."

ದೂರು ಹೇಳುವ ದನಿಯಲ್ಲಿ ಹೇಳಲಿಲ್ಲ. ಮಳೆ ಬಂದಿತ್ತು ಎಂದು ಹೇಳುವ ಹಾಗೆ ಹೇಳಿದರು. ನಾನು ಪೆನ್ನು ತೆಗೆದು ಪತ್ರದಲ್ಲಿ 'ಮೂರು' ಎಂಬುದನ್ನು ಹೊಡೆದು, 'ನಾಲ್ಕು' ಎಂದು ಬರೆದು, ಬ್ಯಾಂಕಿನ ನಿಯಮದ ಪ್ರಕಾರ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದೆ. ಮೊಮ್ಮಗ ನನ್ನ ಕಿವಿಯ ಹತ್ತಿರ ಬಗ್ಗಿ, "ತಾತ, ಇನ್ನೊಂದು ತಪ್ಪು ಹುಡುಕಿದ್ದಾರೆ. ಇನ್ನೊಂದು ಚೆಕ್ಕು" ಎಂದ. ಕೈಚೀಲದಲ್ಲಿ ಚೆಕ್ಕು ಪುಸ್ತಕ ಇತ್ತು. ಬರೆದುಕೊಟ್ಟೆ. ಅಣ್ಣಯ್ಯ ಎರಡನ್ನೂ ಸೊಸೆಯ ಕೈಗೆ ಕೊಟ್ಟು, "ಜೋಪಾನವಾಗಿಡಮ್ಮ" ಎಂದರು.

ನಿಮ್ಮ ಹೆಸರನ್ನು ಪತ್ರಿಕೆಯಲ್ಲಿ ಬರೆಯಲೇ ಎಂದು ಕೇಳಿದೆ. "ಪೇಪರಿಗೆ ಬೇಡಿ ಸಾರ್. ಮನೇಲಿರೋರು ಕೇಳಿದರಲ್ಲ, ಸಾಕು" ಎಂದರು. ಹಾಗಾಗಿ ಇಲ್ಲಿ ಅವರ ಹೆಸರಿಲ್ಲ. ಹೆಸರು ಹಾಕುವುದು ಎಷ್ಟು ಮುಖ್ಯವೋ ಹಾಕಬಹುದೇ ಎಂದು ಕೇಳುವುದೂ ಅಷ್ಟೇ ಮುಖ್ಯ.

ಮಕ್ಕಳೇ, ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಶಾಲೆಯಲ್ಲಿ ಬೀಗ ತೆಗೆಯುವವರು, ಗಂಟೆ ಹೊಡೆಯುವವರು, ಬಿಸಿಯೂಟ ಬಡಿಸುವವರು, ಇವರಲ್ಲಿ ಒಬ್ಬರ ಪೂರ್ತಿ ಹೆಸರನ್ನು ಕೇಳಿ ತಿಳಿದುಕೊಳ್ಳಿ. ಆಮೇಲೆ ಅವರು ನಿಮಗೆ ಮಾಡಿದ ಯಾವುದಾದರೂ ಒಂದು ಉಪಕಾರವನ್ನು ಅವರಿಗೇ ಹೇಳಿ. ನನ್ನ ಹಾಗೆ ನಲವತ್ತು ವರ್ಷ ಕಾಯಬೇಡಿ.

2012ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಚೆಕ್ಕಿನ ಆಯುಸ್ಸು ಮೂರು ತಿಂಗಳು. ಅದರ ಮೇಲೆ ಒಂದು ದಿನ ಕಳೆದರೂ ಬ್ಯಾಂಕು ತೆಗೆದುಕೊಳ್ಳುವುದಿಲ್ಲ. ಅಣ್ಣಯ್ಯನ ಮನೆಗೆ ಹೋಗಿಬಂದು ಮೂರು ತಿಂಗಳು ದಾಟಿದ ಮೇಲೆ ಮೊನ್ನೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದೆ. ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಎರಡು ಸಲ ನೋಡಿದೆ. ಎರಡು ಚೆಕ್ಕೂ ಖರ್ಚಿಗೆ ಬಿದ್ದಿಲ್ಲ. ನನ್ನ ಲೆಕ್ಕಕ್ಕೂ ಪಾಸ್‌ಬುಕ್ಕಿಗೂ 7 ರೂಪಾಯಿ 20 ಪೈಸೆ ವ್ಯತ್ಯಾಸ. ಲೆಕ್ಕ ತಾಳೆಯಾಗದೆ ನಾನು ಸಂತೋಷಪಟ್ಟದ್ದು ಇದೇ ಮೊದಲು.